ಗಂಟೆ ಲೆಕ್ಕದ ಕಾರು ಸಿಗುವಾಗ ಸ್ವಂತ ಕಾರು ಬೇಕೇ?

ಪ್ರಶ್ನೆ: ನಾವು ಶಿವಮೊಗ್ಗದ ವಿನೋಬನಗರದಲ್ಲಿದ್ದೇವೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಅಪ್ಪ, ಅಮ್ಮ ಇದ್ದಾರೆ. ಅಲ್ಲಿ ಒಂದು ಕಾರಿದೆ. ಇಲ್ಲಿಗೂ ಒಂದು ಕೊಳ್ಳುವ ಯೋಚನೆ. ಹಂಚಿಕೆಯ ಕಾರು, ಅಂದರೆ ಹಲವರು ಸರದಿಯಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ಬಳಸುವ ಕಾರು, ಸಿಕ್ಕಿದರೆ ಜನ ನಿಜವಾಗಿಯೂ ಸ್ವಂತ ಕಾರು ಬಿಡುತ್ತಾರೆಯೇ?

ಉತ್ತರ: ಬಿಡುತ್ತಾರೆ. ಆದರೆ ಇದ್ದ ಕಾರನ್ನು ಮಾರುವವರಿಗಿಂತ ಕೊಳ್ಳುವ ಯೋಚನೆಯನ್ನೇ ಕೈಬಿಡುವವರು ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2001ರಲ್ಲಿ ಸಿಟಿ ಕಾರ್‌ಶೇರ್ ಎಂಬ ಕಾರು ಹಂಚಿಕೆಯ ಸಂಸ್ಥೆ ಆರಂಭವಾಯಿತು. ಎರಡು ವರ್ಷಗಳ ಬಳಿಕ ವಿಚಾರಿಸಿದಾಗ, ಸದಸ್ಯರಲ್ಲಿ ಸುಮಾರು ಶೇ 30ರಷ್ಟು ಮಂದಿ ಒಂದಾದರೂ ಕಾರನ್ನು ಬಿಟ್ಟಿದ್ದರು. ಮೂರರಲ್ಲಿ ಎರಡು ಪಾಲು ಜನ ಇನ್ನೊಂದು ಕಾರಿನ ಖರೀದಿಯನ್ನು ಕೈಬಿಟ್ಟಿದ್ದರು. 2008ರಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ಸಮೀಕ್ಷೆಯಲ್ಲಿ, ಪ್ರತಿ ನೂರು ಸದಸ್ಯ ಕುಟುಂಬಗಳ ಬಳಿ ಸೇರುವ ಮೊದಲು ಇದ್ದ 47 ಕಾರುಗಳು 24ಕ್ಕೆ ಇಳಿದಿದ್ದವು.

ಇದಕ್ಕೆ ಕಾರಣ ಲೆಕ್ಕಾಚಾರದಲ್ಲಿದೆ. ಸ್ವಂತ ಕಾರಿನ ಕಂತು, ವಿಮೆ, ವರ್ಷ ವರ್ಷ ಕುಸಿಯುವ ಬೆಲೆ, ಇವೆಲ್ಲ ಕಾರು ಶೆಡ್ಡಿನಲ್ಲಿ ನಿಂತಿದ್ದರೂ ತಪ್ಪುವುದಿಲ್ಲ. ಹಾಗಾಗಿ ಹೊರಡುವಾಗ ನಮಗೆ ಪೆಟ್ರೋಲಿನ ಖರ್ಚು ಮಾತ್ರ ಕಾಣುತ್ತದೆ, ಊರೊಳಗೇ ಗೋಪಾಳದಿಂದ ದುರ್ಗಿಗುಡಿಗೂ ಕಾರೇ ಬೇಕೆನಿಸುತ್ತದೆ. ಗಂಟೆಗೆ ಇಷ್ಟು ಎಂದು ತೆರುವ ಕಾರಿನಲ್ಲಿ ಪ್ರತಿ ಪ್ರಯಾಣದ ಪೂರ್ತಿ ಬೆಲೆ ಮೊದಲೇ ಗೊತ್ತಾಗುತ್ತದೆ. ಆಗ ನಾಲ್ಕು ಕೆಲಸಗಳನ್ನು ಒಂದೇ ಓಡಾಟದಲ್ಲಿ ಮುಗಿಸುತ್ತೇವೆ, ಉಳಿದದ್ದಕ್ಕೆ ಬಸ್ ಹತ್ತುತ್ತೇವೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಮೊದಲು ಕಾರೇ ಇಲ್ಲದವರು ಹಂಚಿಕೆಗೆ ಸೇರಿದ ಮೇಲೆ ಸ್ವಲ್ಪ ಹೆಚ್ಚೇ ಕಾರಿನಲ್ಲಿ ಓಡಾಡುತ್ತಾರೆ. ಕಾರು ಬಿಟ್ಟವರ ಓಡಾಟ ಅದಕ್ಕಿಂತ ಬಹಳ ತಗ್ಗುವುದರಿಂದ ಒಟ್ಟಾರೆ ಕಾರಿನ ಓಡಾಟ ಇಳಿಯುತ್ತದೆ.

ಮಲೆನಾಡಿಗೆ ಈ ಲೆಕ್ಕವನ್ನು ಹಾಗೆಯೇ ಹೊರಿಸುವುದು ಅನ್ಯಾಯ. ಆಚೆ ಮನೆಗೂ ಈಚೆ ಮನೆಗೂ ನಡುವೆ ಒಂದು ಗುಡ್ಡವೇ ಇರುವಲ್ಲಿ ಹಂಚಿಕೆಯ ಕಾರನ್ನು ಎಲ್ಲಿ ನಿಲ್ಲಿಸುವುದು? ಆಷಾಢದ ಮಳೆಯಲ್ಲಿ, ನಡುರಾತ್ರಿ ಎದೆನೋವು ಬಂದಾಗ, ಕರಾವಳಿಗೆ ಇಳಿಯುವ ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದಿದ್ದರೆ ಶಿವಮೊಗ್ಗದ ಆಸ್ಪತ್ರೆಯೇ ಗತಿ. ಅಪ್ಪ ಅಮ್ಮನ ಅಂಗಳದ ಕಾರನ್ನು ದಯವಿಟ್ಟು ಮಾರಬೇಡಿ.

ನೀವು ಕೊಳ್ಳಬೇಕೆಂದಿರುವ ಎರಡನೆಯ ಕಾರಿನ ವಿಷಯ ಬೇರೆ. ತೀರ್ಥಹಳ್ಳಿಗೆ ಬಸ್ಸುಗಳಿವೆ, ಬೆಂಗಳೂರಿಗೆ ರೈಲಿದೆ. ಒಂದು ವರ್ಷ ಅದನ್ನು ಮುಂದೂಡಿ, ಬೇಕಾದಾಗ ಬಾಡಿಗೆಗೆ ತನ್ನಿ. ಗೌರಿ ಗಣೇಶ, ದೀಪಾವಳಿಗೆ ಎಲ್ಲರೂ ಒಟ್ಟಿಗೆ ಊರಿಗೆ ಹೊರಡುತ್ತಾರೆ, ಆಗಿನ ಕಾರನ್ನು ಮೊದಲೇ ಕಾಯ್ದಿರಿಸಿ. ನೀವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಸಂಖ್ಯೆ ಇರಬೇಕು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಒಪ್ಪಬೇಡಿ.