ಬದಲಾವಣೆಯನ್ನು ಇಂಗ್ಲಿಷಿನಲ್ಲಿ ಹೇಳುವಾಗ ಯಾವ ಕಾಲರೂಪವನ್ನು ಬಳಸಬೇಕು?

ಏರಿಕೆ, ಇಳಿಕೆ, ಬೆಳವಣಿಗೆ ಇವುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಕಲಿಯುವಾಗ ನಾವು ಸಾಮಾನ್ಯವಾಗಿ ಮೊದಲು ಪದಗಳನ್ನು ಒಟ್ಟುಗೂಡಿಸಿಕೊಳ್ಳುತ್ತೇವೆ. ರೈಸ್, ಇನ್‌ಕ್ರೀಸ್, ಗ್ರೋ, ಡ್ರಾಪ್, ಡಿಕ್ಲೈನ್ ಎಂಬ ಕ್ರಿಯಾಪದಗಳೆಲ್ಲ ಬಾಯಿಗೆ ಬಂದ ಮೇಲೂ ವಾಕ್ಯ ತಪ್ಪಾಗುತ್ತಿದ್ದರೆ, ಬಹಳ ಸಲ ದೋಷ ಇರುವುದು ಪದದಲ್ಲಲ್ಲ, ಕಾಲರೂಪದಲ್ಲಿ. ಬದಲಾವಣೆ ದೊಡ್ಡದೋ ಚಿಕ್ಕದೋ, ನಿಧಾನವೋ ವೇಗವೋ ಎಂಬುದು ಕಾಲರೂಪವನ್ನು ನಿರ್ಧರಿಸುವುದಿಲ್ಲ. ನಾವು ಯಾವ ಅವಧಿಯ ಬಗ್ಗೆ ಮಾತನಾಡುತ್ತಿದ್ದೇವೆ, ಆ ಅವಧಿ ಮುಗಿದುಹೋಗಿದೆಯೇ ಅಥವಾ ಈ ಕ್ಷಣವನ್ನೂ ಒಳಗೊಂಡಿದೆಯೇ ಎಂಬುದೇ ಅದನ್ನು ನಿರ್ಧರಿಸುತ್ತದೆ. ಈ ಒಂದು ಪ್ರಶ್ನೆಯನ್ನು ಪ್ರತಿ ವಾಕ್ಯಕ್ಕೂ ಕೇಳಿಕೊಂಡರೆ ಅರ್ಧಕ್ಕಿಂತ ಹೆಚ್ಚು ಗೊಂದಲ ಪರಿಹಾರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕನ್ನಡ ಮಾತೃಭಾಷೆಯವರಾದ ನಮಗೆ ಇಲ್ಲಿ ಎರಡು ತೊಡಕುಗಳು ವಿಶೇಷವಾಗಿ ಎದುರಾಗುತ್ತವೆ. ಮೊದಲನೆಯದು, ನಮ್ಮ ‘ಆಗಿದೆ’, ‘ಏರಿದೆ’, ‘ಮುಟ್ಟಿದೆ’ ಎಂಬ ರೂಪಗಳು ಮುಗಿದ ಕಾಲದ ಜೊತೆಗೂ ಸಲೀಸಾಗಿ ಕೂಡಿಕೊಳ್ಳುತ್ತವೆ. ‘2011ರಲ್ಲಿ ಜಗತ್ತಿನ ಜನಸಂಖ್ಯೆ 700 ಕೋಟಿ ಮುಟ್ಟಿದೆ’ ಎಂದು ಬರೆದರೆ ಕನ್ನಡದ ಓದುಗರು ಯಾರೂ ಆಕ್ಷೇಪಿಸುವುದಿಲ್ಲ. ಅದೇ ಅಭ್ಯಾಸದಿಂದ ಇಂಗ್ಲಿಷಿನಲ್ಲಿ ‘ಹ್ಯಾಸ್ ರೀಚ್ಡ್ ಸೆವೆನ್ ಬಿಲಿಯನ್ ಇನ್ 2011’ ಎಂದು ಬರೆದರೆ ಅದು ತಪ್ಪು. 2011 ಮುಗಿದುಹೋದ ವರ್ಷ. ಮುಗಿದ ಕಾಲವನ್ನು ಹೆಸರಿಟ್ಟು ಹೇಳಿದ ಕೂಡಲೇ ಇಂಗ್ಲಿಷ್ ಸಿಂಪಲ್ ಪಾಸ್ಟ್ ರೂಪವನ್ನೇ ಬೇಡುತ್ತದೆ, ಆದ್ದರಿಂದ ‘ರೀಚ್ಡ್’ ಎಂದಷ್ಟೇ ಬರೆಯಬೇಕು. ಲಾಸ್ಟ್ ಇಯರ್, ಯೆಸ್ಟರ್ಡೇ, ಇನ್ ದ 1990ಸ್, ಬಿಟ್ವೀನ್ 1990 ಆಂಡ್ 2000, ಟೆನ್ ಇಯರ್ಸ್ ಅಗೋ ಇವೆಲ್ಲವೂ ಮುಗಿದ ಅವಧಿಗಳೇ. ‘ವೆನ್’ ಎಂಬ ಪ್ರಶ್ನೆಗೂ ಇದೇ ನಿಯಮ ಅನ್ವಯಿಸುತ್ತದೆ: ಬದಲಾವಣೆ ಯಾವಾಗ ಆಯಿತೆಂದು ಕೇಳುವಾಗ ‘ವೆನ್ ಡಿಡ್ ಇಟ್ ಚೇಂಜ್’ ಎನ್ನಬೇಕೇ ಹೊರತು ‘ವೆನ್ ಹ್ಯಾಸ್ ಇಟ್ ಚೇಂಜ್ಡ್’ ಎನ್ನಬಾರದು.

ಎರಡನೆಯ ತೊಡಕು ‘ಇಂದ’ ಎಂಬ ವಿಭಕ್ತಿಯ ಮೂಲಕ ಬರುತ್ತದೆ. ‘ಹತ್ತು ವರ್ಷಗಳಿಂದ ಏರುತ್ತಿದೆ’ ಎಂಬ ವಾಕ್ಯದಲ್ಲಿ ಕನ್ನಡದ ಕ್ರಿಯಾಪದ ವರ್ತಮಾನದಲ್ಲೇ ಇರುವುದರಿಂದ ನಾವು ‘ಈಸ್ ರೈಸಿಂಗ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆದುಬಿಡುತ್ತೇವೆ. ಇದರಲ್ಲಿ ತಪ್ಪುಗಳು ಎರಡು. ಹಿಂದೆ ಆರಂಭವಾಗಿ ಇಂದಿಗೂ ಮುಂದುವರಿದಿರುವ ಬದಲಾವಣೆಗೆ ಇಂಗ್ಲಿಷ್ ‘ಹ್ಯಾಸ್ ಬೀನ್ ರೈಸಿಂಗ್’ ಎಂಬ ಪರ್ಫೆಕ್ಟ್ ಕಂಟಿನ್ಯೂಯಸ್ ರೂಪವನ್ನು ಕೇಳುತ್ತದೆ. ಅಲ್ಲದೆ ಅವಧಿಯ ಉದ್ದವನ್ನು ಹೇಳುವಾಗ ‘ಫಾರ್ ಟೆನ್ ಇಯರ್ಸ್’, ಆರಂಭದ ಬಿಂದುವನ್ನು ಹೇಳುವಾಗ ‘ಸಿನ್ಸ್ 2010’ ಎಂದು ಬೇರೆ ಬೇರೆ ಪದಗಳನ್ನು ಬಳಸಬೇಕು. ಬರಿಯ ‘ಈಸ್ ರೈಸಿಂಗ್’ ಸರಿಯಾಗುವುದು ಈಗಿನ ಸ್ಥಿತಿಯನ್ನು ಮಾತ್ರ ಹೇಳಿ, ಯಾವಾಗಿನಿಂದ ಎಂಬುದನ್ನು ಹೇಳದೆ ಬಿಟ್ಟಾಗ.

ಜಗತ್ತಿನ ಜನಸಂಖ್ಯೆಯ ಅಂಕಿಗಳನ್ನೇ ಇಟ್ಟುಕೊಂಡು ಒಂದು ಪ್ಯಾರಾವನ್ನು ಹಂತ ಹಂತವಾಗಿ ಕಟ್ಟಿ ನೋಡೋಣ. 1960ರಲ್ಲಿ ಅದು ಸುಮಾರು 300 ಕೋಟಿ ಇತ್ತು. ಇದು ಮುಗಿದ ಕಾಲ, ಆದ್ದರಿಂದ ‘ಇನ್ 1960 ದ ಪಾಪ್ಯುಲೇಶನ್ ವಾಸ್ ಅಬೌಟ್ ತ್ರೀ ಬಿಲಿಯನ್’. 1999ರ ಹೊತ್ತಿಗೆ ಅದು 600 ಕೋಟಿಗೆ ತಲುಪಿ ದ್ವಿಗುಣಗೊಂಡಿತ್ತು. ಗತಕಾಲದ ಒಂದು ಬಿಂದುವಿನಲ್ಲಿ ನಿಂತು ಅದಕ್ಕಿಂತ ಮೊದಲೇ ನಡೆದು ಮುಗಿದದ್ದನ್ನು ನೋಡುತ್ತಿರುವುದರಿಂದ ‘ಬೈ 1999 ಇಟ್ ಹ್ಯಾಡ್ ಡಬಲ್ಡ್’. 2022ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಲೆಕ್ಕದಂತೆ 800 ಕೋಟಿ ಆಯಿತು. ದಿನಾಂಕ ಎಷ್ಟು ಹತ್ತಿರದ್ದಾದರೂ ಅದು ಮುಗಿದ ಕಾಲವೇ, ಹಾಗಾಗಿ ‘ಇಟ್ ರೀಚ್ಡ್ ಏಟ್ ಬಿಲಿಯನ್ ಇನ್ ನವೆಂಬರ್ 2022’. ಈಗ 1960ರಿಂದ ಇಂದಿನವರೆಗಿನ ಇಡೀ ಅವಧಿಯನ್ನು ಒಟ್ಟಾಗಿ ನೋಡಿದರೆ ‘ಸಿನ್ಸ್ 1960 ಇಟ್ ಹ್ಯಾಸ್ ಮೋರ್ ದ್ಯಾನ್ ಡಬಲ್ಡ್’. ಒಂದೇ ವಿಷಯ, ಒಂದೇ ದಿಕ್ಕಿನ ಏರಿಕೆ. ಆದರೂ ನೋಡುವ ಬಿಂದು ಬದಲಾದಂತೆ ಡಬಲ್ ಎಂಬ ಕ್ರಿಯಾಪದ ಒಮ್ಮೆ ‘ಹ್ಯಾಡ್ ಡಬಲ್ಡ್’, ಇನ್ನೊಮ್ಮೆ ‘ಹ್ಯಾಸ್ ಡಬಲ್ಡ್’ ಆಯಿತು. ಇದೇ ವಿಷಯದ ಇನ್ನೊಂದು ಮುಖವಾದ ಬೆಳವಣಿಗೆಯ ದರ 1960ರ ದಶಕದಲ್ಲಿ ಶೇಕಡಾ 2ನ್ನು ದಾಟಿ ಗರಿಷ್ಠ ಮಟ್ಟ ಮುಟ್ಟಿ, ಆ ಬಳಿಕ ಇಳಿಯುತ್ತಾ ಬಂದಿದೆ. ಈ ವಾಕ್ಯದ ಮೊದಲ ಭಾಗಕ್ಕೆ ‘ಪೀಕ್ಡ್ ಇನ್ ದ 1960ಸ್’, ಎರಡನೆಯ ಭಾಗಕ್ಕೆ ‘ಹ್ಯಾಸ್ ಬೀನ್ ಫಾಲಿಂಗ್ ಸಿನ್ಸ್ ದೆನ್’ ಎಂದು ಒಂದೇ ವಾಕ್ಯದೊಳಗೆ ಎರಡು ಕಾಲರೂಪಗಳು ಬರಬೇಕು, ಮತ್ತು ಹಾಗೆ ಬರುವುದು ದೋಷವಲ್ಲ. ‘ಒಂದು ಪ್ಯಾರಾದಲ್ಲಿ ಒಂದೇ ಕಾಲರೂಪ’ ಎಂದು ಕೆಲವರು ಪಾಲಿಸುವ ನಿಯಮ ಬದಲಾವಣೆಯ ವಿವರಣೆಗೆ ಹೊಂದುವುದೇ ಇಲ್ಲ.

ಹ್ಯಾಸ್ ರಿಸನ್ ಮತ್ತು ಹ್ಯಾಸ್ ಬೀನ್ ರೈಸಿಂಗ್ ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಒಟ್ಟು ಎಷ್ಟು ಬದಲಾವಣೆಯಾಯಿತು ಎಂಬ ಪ್ರಮಾಣವನ್ನು ಹೇಳುವಾಗ ಮೊದಲನೆಯದೇ ಸರಿ: ‘ಹ್ಯಾಸ್ ರಿಸನ್ ಬೈ ಟ್ವೆಂಟಿ ಪರ್ಸೆಂಟ್’. ಪ್ರಮಾಣವನ್ನು ಹೇಳದೆ, ಏರುತ್ತಲೇ ಇರುವ ಪ್ರಕ್ರಿಯೆಗೆ ಒತ್ತು ಕೊಡುವುದಾದರೆ ‘ಹ್ಯಾಸ್ ಬೀನ್ ರೈಸಿಂಗ್ ಸ್ಟೆಡಿಲಿ’ ಎನ್ನಬಹುದು. ಒಟ್ಟು ಪ್ರಮಾಣವನ್ನು ತಂದು ಎರಡನೆಯ ರೂಪಕ್ಕೆ ಜೋಡಿಸಿದರೆ ವಾಕ್ಯ ಕುಂಟುತ್ತದೆ, ಏಕೆಂದರೆ ಒಟ್ಟು ಲೆಕ್ಕ ಹೇಳುವುದೆಂದರೆ ಅಲ್ಲಿಯವರೆಗಿನದನ್ನು ಕೂಡಿಸಿ ಮುಗಿಸಿದಂತೆ. ಬೈ ಎಂಬ ಪದಕ್ಕೆ ಇಲ್ಲಿ ಎರಡು ಕೆಲಸಗಳಿವೆ ಎಂಬುದನ್ನೂ ನೆನಪಿಡಬೇಕು: ‘ಬೈ 1999’ ಎಂಬಲ್ಲಿ ಅದು ಗಡುವನ್ನು ಸೂಚಿಸಿದರೆ, ‘ಬೈ ಟ್ವೆಂಟಿ ಪರ್ಸೆಂಟ್’ ಎಂಬಲ್ಲಿ ವ್ಯತ್ಯಾಸದ ಪ್ರಮಾಣವನ್ನು ಸೂಚಿಸುತ್ತದೆ. ಗತಕಾಲದ ಗಡುವನ್ನು ಹೇಳುವ ಬೈ ಮಾತ್ರ ‘ಹ್ಯಾಡ್ ಡಬಲ್ಡ್’ ಎಂಬಂಥ ಪಾಸ್ಟ್ ಪರ್ಫೆಕ್ಟ್ ರೂಪವನ್ನು ಕರೆಯುತ್ತದೆ. ಆ ರೂಪವನ್ನು ಮಿತವಾಗಿ ಬಳಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಘಟನೆಗಳು ನಡೆದ ಕ್ರಮದಲ್ಲೇ ಹೇಳುತ್ತಾ ಹೋಗುವಾಗ ಸಿಂಪಲ್ ಪಾಸ್ಟ್ ಸಾಕು. ‘ಹ್ಯಾಡ್’ ಬೇಕಾಗುವುದು ಹಿಂದಿನದಕ್ಕೂ ಹಿಂದೆ ತಿರುಗಿ ನೋಡುವಾಗ ಮಾತ್ರ.

ಸದಾ ಒಂದೇ ರೀತಿ ನಡೆಯುವ ಬದಲಾವಣೆಗೆ ಸಿಂಪಲ್ ಪ್ರೆಸೆಂಟ್ ಸಾಕು: ‘ಐಸ್ ಟರ್ನ್ಸ್ ಇನ್‌ಟು ವಾಟರ್’. ಇಂಗ್ಲಿಷ್ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಅಕಾಡೆಮಿಕ್ ಬರವಣಿಗೆಯ ಮೊದಲ ಪ್ರಶ್ನೆಯಲ್ಲಿ ಅಂಕಿಅಂಶಗಳ ನಕ್ಷೆಯನ್ನು (ಗ್ರಾಫ್) ಕನಿಷ್ಠ 150 ಪದಗಳಲ್ಲಿ ವಿವರಿಸುವಾಗ ನಕ್ಷೆ ‘ಶೋಸ್’ ಎಂದು ವರ್ತಮಾನದಲ್ಲಿರುತ್ತದೆ, ಅದರೊಳಗಿನ ಹಳೆಯ ಅಂಕಿಗಳು ‘ರೋಸ್’, ‘ಫೆಲ್’ ಎಂದು ಭೂತಕಾಲದಲ್ಲಿರುತ್ತವೆ. ಆದ್ದರಿಂದ ಬರೆಯಲು ತೊಡಗುವ ಮುನ್ನ ನಕ್ಷೆಯ ಅಡಿಯಲ್ಲಿರುವ ವರ್ಷಗಳನ್ನು ನೋಡಲೇಬೇಕು.

ಈಗ ನಮ್ಮ ಕಣ್ಣೆದುರೇ ನಡೆಯುತ್ತಿರುವ ಬದಲಾವಣೆಗೆ ಪ್ರೆಸೆಂಟ್ ಕಂಟಿನ್ಯೂಯಸ್ ಸಹಜವಾದ ರೂಪ. ಇದರ ಜೊತೆಗೆ ಗೆಟ್ ಮತ್ತು ಬಿಕಮ್ ಹೆಚ್ಚಾಗಿ ಬರುತ್ತವೆ: ‘ಇಟ್ ಈಸ್ ಗೆಟಿಂಗ್ ಡಾರ್ಕ್’, ‘ದ ವರ್ಕ್ ಈಸ್ ಬಿಕಮಿಂಗ್ ಹಾರ್ಡರ್’. ‘ಇಟ್ ಈಸ್ ಡಾರ್ಕ್’ ಎಂದರೆ ಕತ್ತಲೆ ಆಗಲೇ ಕವಿದಿರುವ ಸ್ಥಿತಿ. ಕವಿಯುತ್ತಿರುವ ಕ್ರಿಯೆ ಅದರಲ್ಲಿ ಇಲ್ಲ. ಲೈಕ್, ಅಂಡರ್‌ಸ್ಟ್ಯಾಂಡ್, ರಿಸೆಂಬಲ್ ಮುಂತಾದ ಸ್ಥಿತಿಸೂಚಕ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ಐಎನ್‌ಜಿ ರೂಪ ಸಲ್ಲದಾದರೂ, ಹಂತ ಹಂತವಾಗಿ ಆಗುತ್ತಿರುವ ಬದಲಾವಣೆಯನ್ನು ಹೇಳುವಾಗ ಇಂಗ್ಲಿಷ್ ಈ ನಿಯಮವನ್ನು ಸಡಿಲಿಸುತ್ತದೆ. ಆದ್ದರಿಂದಲೇ ‘ಶೀ ಈಸ್ ರಿಸೆಂಬ್ಲಿಂಗ್ ಹರ್ ಮದರ್ ಮೋರ್ ಆಂಡ್ ಮೋರ್’ ಎಂಬ ವಾಕ್ಯ ಒಪ್ಪಿತವಾಗಿದೆ. ಇಲ್ಲಿ ‘ಮೋರ್ ಆಂಡ್ ಮೋರ್’ ಎಂಬ ಮಾತೇ ಆ ಸಡಿಲಿಕೆಗೆ ಆಧಾರ.

ಮುಂದಿನ ಕಾಲದ ವಿಷಯದಲ್ಲಿ ಎಚ್ಚರದಿಂದ ಮಾತನಾಡುವುದು ಬರವಣಿಗೆಯ ಸಭ್ಯತೆಯೂ ಹೌದು, ವ್ಯಾಕರಣವೂ ಹೌದು. ಲೆಕ್ಕಾಚಾರದ ಮೇಲೆ ನಿಂತ ಅಂದಾಜಿಗೆ ಬರಿಯ ‘ವಿಲ್’ ಬಳಸಿದರೆ ಅದು ನಡೆದೇ ತೀರುತ್ತದೆ ಎಂಬ ಧ್ವನಿ ಬರುತ್ತದೆ. ‘ಈಸ್ ಎಕ್ಸ್‌ಪೆಕ್ಟೆಡ್ ಟು’ ಅಥವಾ ‘ಈಸ್ ಪ್ರೊಜೆಕ್ಟೆಡ್ ಟು’ ಎಂದರೆ ಅಂದಾಜು ಅಂದಾಜಾಗಿಯೇ ಉಳಿಯುತ್ತದೆ. ವಿಶ್ವಸಂಸ್ಥೆಯ 2024ರ ಅಂದಾಜಿನ ಪ್ರಕಾರ ಜನಸಂಖ್ಯೆ 2080ರ ದಶಕದ ಮಧ್ಯಭಾಗದಲ್ಲಿ ಸುಮಾರು 1030 ಕೋಟಿಯೊಂದಿಗೆ ಗರಿಷ್ಠ ಮಟ್ಟ ಮುಟ್ಟಲಿದೆ ಎಂಬುದನ್ನು ‘ಈಸ್ ಪ್ರೊಜೆಕ್ಟೆಡ್ ಟು ಪೀಕ್ ಇನ್ ದ ಮಿಡ್-2080ಸ್’ ಎಂದು ಬರೆಯಬೇಕು. ಮುಂದಿನ ಒಂದು ಗಡುವಿನೊಳಗೆ ಮುಗಿದಿರುವ ಬದಲಾವಣೆಗೆ ‘ಬೈ 2100 ಇಟ್ ವಿಲ್ ಹ್ಯಾವ್ ಸ್ಟಾರ್ಟೆಡ್ ಟು ಫಾಲ್’ ಎಂಬ ಫ್ಯೂಚರ್ ಪರ್ಫೆಕ್ಟ್ ರೂಪವಿದೆ. ಅಲ್ಲಿಯೂ ‘ಈಸ್ ಪ್ರೊಜೆಕ್ಟೆಡ್ ಟು ಹ್ಯಾವ್ ಸ್ಟಾರ್ಟೆಡ್’ ಎಂದು ಬದಲಿಸಿಕೊಂಡರೆ ಗಡುವೂ ಉಳಿಯುತ್ತದೆ, ಅನುಮಾನಕ್ಕೆ ಬೇಕಾದ ಜಾಗವೂ ಉಳಿಯುತ್ತದೆ.