ಮೊದಲು ಸವಳಾಗುವುದು ಬಾವಿ

ಹೋದ ತಿಂಗಳು ರೋಣ ತಾಲ್ಲೂಕಿನ ಒಂದು ಎರಿ ಹೊಲದಲ್ಲಿ ಬೋರ್ ಹಾಕಿಸಿದರು. ಪಾಯಿಂಟ್ ತೋರಿಸಿದ್ದು ನಾನೇ. ನೀರೇನೋ ಬಂತು. ಯಜಮಾನರು ಬೊಗಸೆಯಲ್ಲಿ ಹಿಡಿದು ಒಂದು ಗುಟುಕು ಕುಡಿದು ಉಗುಳಿದರು. ‘ಸವಳ ಐತ್ರೀ ಸರ.’ ನಾನಿನ್ನೂ ಚೀಲದಿಂದ ಉಪ್ಪಿನಂಶ ಅಳೆಯುವ ಮೀಟರ್ ತೆಗೆದಿರಲಿಲ್ಲ.

ಪಿಯುಸಿ ಓದುವ ಅವರ ಮಗನಿಗೆ ಬೇರೆಯದೇ ಯೋಚನೆ. ‘ಸಮುದ್ರ ಏರಿ ದ್ವೀಪ ಮುಳಗಾಕತ್ತಾವಂತಲ್ರೀ, ಅಲ್ಲಿ ಮಂದಿ ಎಲ್ಲಿಗೆ ಹೋಗ್ತಾರ?’

ಮುಳುಗುವತನಕ ಯಾರೂ ಕಾಯುವುದಿಲ್ಲ ತಮ್ಮಾ, ನಿಮ್ಮಪ್ಪ ಈಗ ಉಗುಳಿದರಲ್ಲ, ಅಂಥ ದಿನ ಬಂದಾಗಲೇ ಗಂಟು ಕಟ್ಟುತ್ತಾರೆ ಎಂದೆ.

ನಮ್ಮ ಸವಳಿಗೂ ಕಡಲಿಗೂ ನಂಟಿಲ್ಲ. ಮಳೆ ಕಮ್ಮಿ, ಜಿಗುಟು ಎರಿಮಣ್ಣು. ಉಪ್ಪು ತೊಳೆದುಹೋಗದೆ ಕೂತಿದೆ. ಹವಳದ ದ್ವೀಪದ ಕಥೆಯೇ ಬೇರೆ. ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮರಳಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ಕೆನೆಯಂತೆ ತೇಲುತ್ತದೆ. ಒಂದು ಘನ ಮೀಟರ್ ಸಿಹಿನೀರು 1000 ಕೆಜಿ, ಕಡಲ ನೀರು ಸುಮಾರು 1025. ಈ ಇಷ್ಟೇ ಅಂತರದಿಂದ, ಕಡಲ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ 40 ಅಡಿ ಇರುತ್ತದೆ. ಬಾವಿಯನ್ನು ಒಂದಡಿ ಬತ್ತಿಸಿದರೆ ಅಡಿಯಿಂದ ಉಪ್ಪು 40 ಅಡಿ ಏರಬೇಕು. ಇದು ಕಾಗದದ ಲೆಕ್ಕ. ತೂತುಬಿದ್ದ ಹವಳಕಲ್ಲಿನಲ್ಲಿ ಎರಡೂ ನೀರು ಕಲೆತು ಕೆನೆ ಇನ್ನೂ ತೆಳ್ಳಗಿರುತ್ತದೆ.

ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಐದು ಪುಟ್ಟ ದ್ವೀಪಗಳು ಪೂರ್ತಿ ಕಣ್ಮರೆಯಾಗಿವೆ ಎಂದು 2016ರಲ್ಲಿ ಸುದ್ದಿಯಾಯಿತು. ಅಲ್ಲಿ ಜನವಸತಿ ಇರಲಿಲ್ಲ. ನನಗೆ ಅದಕ್ಕಿಂತ ಅದೇ ಸಾಗರದ ಟುವಾಲು ದೇಶದ ಲೆಕ್ಕ ಕಾಡುತ್ತದೆ. 1971ರಿಂದ 2014ರವರೆಗೆ ಅದರ ನೆಲ ಶೇ 2.9ರಷ್ಟು ಹೆಚ್ಚಿದೆ, ಅಲೆಗಳು ಮರಳು ತಂದು ಸುರಿದು. ‘ನೋಡ್ರಿ, ಎಲ್ಲಾ ಸುಳ್ಳು’ ಎನ್ನುವವರಿಗೆ ಇದೊಂದು ಸಿಕ್ಕರೆ ಸಾಕು. ಗುಂಟೆ ಅಳೆದರೆ ಊಟ ಸಿಗುತ್ತದೆಯೇ? ಅಲ್ಲಿನವರು ನೀರು ಜಿನುಗುವವರೆಗೂ ಗುಂಡಿ ತೋಡಿ ಪುಲಕ ಎಂಬ ಗಡ್ಡೆ ಬೆಳೆಯುತ್ತಾರೆ, ಮಲೆನಾಡಿನವರ ಕೆಸುವಿನ ದೊಡ್ಡಣ್ಣ ಅದು. ಗುಂಡಿಗೆ ಉಪ್ಪು ಬಂತೋ, ಗಡ್ಡೆ ಕೊಳೆಯಿತು.

ಕಡಲು ಏರಿದಷ್ಟೂ ದೊಡ್ಡ ಅಲೆಗಳು ಒಳಗೆ ನುಗ್ಗುವುದು ಸಲೀಸು. ಮಾರ್ಷಲ್ ದ್ವೀಪಗಳ ರೋಯ್-ನಮೂರ್‌ನಲ್ಲಿ 2008ರ ಡಿಸೆಂಬರ್‌ನಲ್ಲಿ ಹಾಗೆ ನುಗ್ಗಿದ ನೀರಿನ ಉಪ್ಪು ಇಳಿದು ಅಂತರ್ಜಲ ಸುಧಾರಿಸಲು ಎರಡು ವರ್ಷದ ಹತ್ತಿರ ಹಿಡಿಯಿತು. ಅಷ್ಟರೊಳಗೆ ಮತ್ತೊಂದು ಅಲೆ ಬಂದರೆ?

ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನೇ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿ ಮಾಡುವ ಘಟಕವಿದೆ. ಕುಡಿಯಲು ಆದೀತು, ಹೊಲಕ್ಕಲ್ಲ.

ಯಜಮಾನರು ಅಷ್ಟೊತ್ತಿಗೆ ಮೀಟರಿನ ಅಂಕಿಯನ್ನೇ ನೋಡುತ್ತಿದ್ದರು. ‘ಹತ್ತಿಗರ ನಡೀತೈತೇನ್ರಿ?’

ಹತ್ತಿಗೆ ನಡೆಯುತ್ತದೆ ಎಂದೆ.