ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸುವ ಮುನ್ನ

"ಹಲ್ಲು ಕೀಳಿಸಬೇಕಿತ್ತು ಡಾಕ್ಟ್ರೇ, ಅದಕ್ಕೇ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದ್ವಿ." ಲಕ್ವ ಹೊಡೆದವರ ಮನೆಯವರು ಹೀಗೆ ಹೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಾಮಾನ್ಯವಾಗಿ ಒಂದು ಹಲ್ಲು ಕೀಳಲು ಈ ಮಾತ್ರೆ ನಿಲ್ಲಿಸಬೇಕಾಗುವುದಿಲ್ಲ. ಒಸಡಿನ ರಕ್ತವನ್ನು ಹತ್ತಿ ಒತ್ತಿ ನಿಲ್ಲಿಸಬಹುದು.

'ತೆಳು' ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ರಕ್ತ ನೀರಾಗುವುದಿಲ್ಲ, ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ ಅಷ್ಟೆ.

ಎಲ್ಲ ಹೆಪ್ಪೂ ಒಂದೇ ಅಲ್ಲ. ಕುತ್ತಿಗೆಯ ಅಥವಾ ಮಿದುಳಿನ ರಕ್ತನಾಳದೊಳಗೆ ಕೊಬ್ಬು ಕಟ್ಟಿ ಬಿರುಕು ಬಿಟ್ಟರೆ ಅಲ್ಲಿ ಪ್ಲೇಟ್‌ಲೆಟ್‌ಗಳು, ಅಂದರೆ ಹೆಪ್ಪು ಕಟ್ಟಿಸುವ ರಕ್ತದ ಪುಟ್ಟ ಕಣಗಳು, ಮುತ್ತಿಕೊಳ್ಳುತ್ತವೆ. ಅದಕ್ಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್. ಹೃದಯದಿಂದ ಬರುವ ಹೆಪ್ಪು ಬೇರೆ. ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಸುಮ್ನೆ ಅದುರುತ್ತವೆ. ರಕ್ತ ಅಲ್ಲೇ ಮಡುಗಟ್ಟಿ ಹೆಪ್ಪಾಗುತ್ತದೆ. ಅದರ ತುಣುಕು ಮೇಲಕ್ಕೆ ಹೋದರೆ ಮಿದುಳಿನ ದೊಡ್ಡ ನಾಳವೇ ಮುಚ್ಚಬಹುದು. ಇಂಥವರಿಗೆ ಸ್ಟ್ರೋಕ್ ಅಪಾಯ ಸುಮಾರು 5 ಪಟ್ಟು ಜಾಸ್ತಿ. ಇಲ್ಲಿ ಆಸ್ಪಿರಿನ್ ಸಾಲದು. ವಾರ್ಫರಿನ್, ಡಾಬಿಗಾಟ್ರಾನ್, ಅಪಿಕ್ಸಾಬಾನ್‌ನಂಥವು ಬೇಕು. ವಾರ್ಫರಿನ್ ಸರಿಯಾಗಿ ನಡೆದರೆ ಆ ಅಪಾಯ ಮೂರರಲ್ಲಿ ಎರಡು ಪಾಲಿನಷ್ಟು ಇಳಿಯುತ್ತದೆ. ಅಪಿಕ್ಸಾಬಾನ್ ದಿನಕ್ಕೆ ಎರಡು ಸಲ ನುಂಗುವ ಮಾತ್ರೆ. ಒಂದೆರಡು ಹೊತ್ತು ತಪ್ಪಿದರೂ ಕಾವಲು ಇಲ್ಲವಾಗುತ್ತದೆ.

ಮಿದುಳಿನಲ್ಲಿ ರಕ್ತಸ್ರಾವವಾದರೆ ಅನ್ನುವ ಭಯ ಸುಳ್ಳಲ್ಲ. ಅದನ್ನು ತಗ್ಗಿಸುವ ದಾರಿಗಳಿವೆ. ಬಿಪಿ ಹತೋಟಿಯಲ್ಲಿರಲಿ, ನನ್ನ ಪ್ರಕಾರ ಇದೇ ಮೊದಲನೆಯದು. ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ರಕ್ತಪರೀಕ್ಷೆ) ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನೀವಾಗಿಯೇ ನುಂಗಬೇಡಿ. ತಲೆಗೆ ಪೆಟ್ಟು ಬಿದ್ದರೆ, ನೋವಿಲ್ಲದಿದ್ದರೂ ಅಂದೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಕೆಲವೊಮ್ಮೆ ಮಿದುಳಿನಿಂದ ರಕ್ತ ಹೊರಹೋಗುವ ಅಭಿಧಮನಿಯಲ್ಲೇ ಹೆಪ್ಪು ಕಟ್ಟುತ್ತದೆ. ಹೆರಿಗೆಯಾದ ಹೊಸತರಲ್ಲಿ ಇದು ಆಗುವುದುಂಟು. ಚರಂಡಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ಉಕ್ಕುತ್ತದಲ್ವಾ, ಹಾಗೆ ಹಿಂದೆ ಒತ್ತಡ ಏರಿ ಮಿದುಳಿನೊಳಗೆ ರಕ್ತ ಸೋರುತ್ತದೆ. ಸ್ಕ್ಯಾನ್‌ನಲ್ಲಿ ರಕ್ತ ಕಾಣುತ್ತಿದ್ದರೂ ನಾವು ಹೆಪಾರಿನ್ ಕೊಡುತ್ತೇವೆ, ಅದೂ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿಯೇ. "ರಕ್ತ ಸೋರ್ತಿರುವಾಗ ಇದ್ಯಾಕೆ?" ಎಂದು ಮನೆಯವರು ಗಾಬರಿಯಾಗುತ್ತಾರೆ. ಅವರನ್ನು ಕೂರಿಸಿ ಚಿತ್ರ ಬರೆದು ವಿವರಿಸುತ್ತೇನೆ. ಸೋರಿಕೆಗೆ ಕಾರಣವೇ ಆ ಹೆಪ್ಪು. ಅದು ಬೆಳೆಯದಂತೆ ತಡೆಯಲೇಬೇಕು.

ಮಾತ್ರೆಯ ಹೆಸರು ಬರೆದ ಚೀಟಿ ಸದಾ ಜೇಬಿನಲ್ಲಿರಲಿ. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಕೈ ಸೋತರೆ ತಕ್ಷಣ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡಬಹುದೇ ಎಂದು ತೀರ್ಮಾನಿಸಲು ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಯಾವ ಮಾತ್ರೆ, ಕೊನೆಯದಾಗಿ ನುಂಗಿದ್ದು ಎಷ್ಟು ಗಂಟೆಗೆ?